ಕುಚ್ಚಲಕ್ಕಿ ಹೊತ್ತ ಪ್ರವಾಸಿ

ಬೆನ್ನಿಗೆ ಚೀಲವೇರಿಸಿ ವಿದೇಶ ಸುತ್ತಲು ಹೊರಡುವ ನಮ್ಮ ಕಡೆಯ ಪ್ರತಿಯೊಂದು ಗೆಳೆಯರ ತಂಡದಲ್ಲೂ ಅಡುಗೆಮನೆಯನ್ನೇ ಹೊತ್ತು ತರುವ ಒಬ್ಬನಿರುತ್ತಾನೆ. ನಮ್ಮ ತಂಡದಲ್ಲಿ ಆತ ಕಾಪುವಿನ ಲಿಯೋನೆಲ್. ಅವನ ಚೀಲದಲ್ಲಿ ಬಟ್ಟೆಗಿಂತ ಕುಚ್ಚಲಕ್ಕಿ ಹೆಚ್ಚು, ಸಾಬೂನಿನ ಪಕ್ಕದಲ್ಲೇ ಒಣ ಸಿಗಡಿ. ವಿಮಾನ ನಿಲ್ದಾಣದ ಅಧಿಕಾರಿ ಆ ಪೊಟ್ಟಣವನ್ನು ಮೂಸಿ ಹಿಂದೆ ಸರಿದರೆ, ಇವನು ಅವರಿಗೆ ಚಟ್ನಿ ಮಾಡುವ ಕ್ರಮವನ್ನು ವಿವರಿಸತೊಡಗುತ್ತಾನೆ. ಕೋಟೆಯಿರಲಿ, ಹಿಮಪರ್ವತವಿರಲಿ, ಅವನ ಪ್ರಶ್ನೆ ಒಂದೇ: "ಇಲ್ಲಿ ಒಲೆ ಉಂಟಾ?" ಜಾರ್ಜಿಯಾದ ಹಾಸ್ಟೆಲಿನಲ್ಲಿ ಒಲೆಯಿತ್ತು. ಅಲ್ಲಿ ನಮ್ಮ ತಂಡದಲ್ಲಿದ್ದ ಮಣಿಪಾಲದ ತನ್ವಿ ಹೊಟ್ಟೆ ಕೆಟ್ಟು, ಏನು ತಿಂದರೂ ದಕ್ಕದೆ, ಪ್ರವಾಸವನ್ನೇ ಬಿಟ್ಟು ಊರಿಗೆ ಮರಳಲು ಟಿಕೆಟು ಹುಡುಕುತ್ತಿದ್ದಳು. ಬೆಳಿಗ್ಗೆ ಗಂಜಿಗಿಟ್ಟು, ನಂಚಿಕೊಳ್ಳಲೆಂದು ಲಿಯೋನೆಲ್ ಸಿಗಡಿ ಹುರಿದದ್ದೇ ತಡ, ಹೊಗೆಗೆ ಸೈರನ್ ಮೊಳಗಿ ಹಲವು ದೇಶಗಳ ಪ್ರವಾಸಿಗರು ಟವೆಲಿನಲ್ಲೇ ಬೀದಿಗೆ ಓಡಿದರು. ಅವನು ಸೌಟು ಹಿಡಿದು, ಬೆಂಕಿಯಲ್ಲ, ಚಟ್ನಿ ಎಂದು ಒಬ್ಬೊಬ್ಬರನ್ನೂ ಸಮಾಧಾನಪಡಿಸಿದ. "ಎಂತ ಮಾರಾಯ, ನಾಲ್ಕು ದಿನ ಗಂಜಿ ಕುಡಿಯದಿದ್ದರೆ ನೀನು ಸಾಯ್ತೀಯಾ?" ಎಂದು ಅಜೆಕಾರಿನ ರೋಹಿತ್ ರೇಗಿದ. ಲಿಯೋನೆಲ್ ಒಳಗೆ ಹೋಗಿ ಗಂಜಿಯ ಪಾತ್ರೆಯನ್ನು ಇಳಿಸಿದ. ತನ್ವಿ ಮೊದಲ ಬಟ್ಟಲನ್ನು ಅನುಮಾನದಿಂದಲೇ ಕುಡಿದಳು, ಎರಡನೆಯದನ್ನು ತಾನೇ ಬಡಿಸಿಕೊಂಡು, "ನಾಳೆ ಬೆಟ್ಟಕ್ಕೆ ಎಷ್ಟು ಗಂಟೆಗೆ ಹೊರಡುವುದು?" ಎಂದಳು. ರೋಹಿತನೂ ಸೇರಿ ನಾವೆಲ್ಲ ಪಾತ್ರೆಯ ಸುತ್ತ ಮುಗಿಬಿದ್ದೆವು. ಲಿಯೋನೆಲ್ ಮಾತ್ರ ಕಿಟಕಿಯ ಬಳಿ ನಿಂತು ಒಣ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಏಕೆಂದು ಕೇಳಿದರೆ, "ನನಗೆ ಚಿಕ್ಕಂದಿನಿಂದಲೂ ಗಂಜಿ ಸೇರುವುದಿಲ್ಲ, ಮಾರಾಯ" ಎಂದ.