ಕವಲಿನಲ್ಲಿ ಹಾಕಿದ ಹೊಂಗೆ ಸೊಪ್ಪು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಏನಾದರೊಂದು ನೆಪ ಹುಡುಕಿ ಎದ್ದುಹೋಗಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದೆ, ಇನ್ನೊಮ್ಮೆ ಮನೆಯಲ್ಲಿ ಹಬ್ಬ ಎಂದೆ. ಯಜಮಾನರ ವಿಷಯ ಬರೆಯಲು ಹೊರಟರೆ ನನ್ನ ವಿಷಯವನ್ನೂ ಬರೆಯಬೇಕಾಗುತ್ತದೆ, ಅದೇ ಕಷ್ಟ. ಆದರೆ ಹೋದ ವಾರ ಅವರ ಸೊಸೆ ರಸ್ತೆಯಲ್ಲಿ ಸಿಕ್ಕು ನನಗೆ ಥ್ಯಾಂಕ್ಸ್ ಹೇಳಿದರು. ಆ ಮಾತು ಕೇಳಿಸಿಕೊಂಡ ಮೇಲೆ ಇನ್ನು ಮುಂದೂಡುವ ಹಾಗಿಲ್ಲ.

ಅವರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಬಳೇಪೇಟೆಯಲ್ಲಿ ಅಪ್ಪನ ಕಾಲದ ಬಳೆ ಅಂಗಡಿ. ಜೀವಮಾನವೆಲ್ಲ ಹೆಂಗಸರ ಕೈಗೆ ಗಾಜಿನ ಬಳೆ ತೊಡಿಸಿದವರು. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಚಾಮರಾಜಪೇಟೆಯ ಮನೆಯಲ್ಲಿ ಕೂತ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಪಾರ್ಕಿನಲ್ಲಿ ನನ್ನ ಪರಿಚಯವಾದ ದಿನವೂ ಅಷ್ಟೇ. ನನ್ನ ಕೈ ಹಿಡಿದು, ಬೆರಳ ಗೆಣ್ಣುಗಳನ್ನು ಒತ್ತಿ ನೋಡಿ, "ಯಾವಾಗ್ಲೂ ಮುಷ್ಟಿ ಬಿಗಿ ಹಿಡಿಯೋ ಕೈ ಕಣಯ್ಯ ಇದು. ಯಾರ ಮೇಲೆ ಸಿಟ್ಟು ನಿಂಗೆ?" ಎಂದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಮಿಲ್ಲಿನ ಸ್ಟೋರಿನಲ್ಲಿ ದುಡಿದು ರಿಟೈರಾದವನು. ಯಾರ ಮೇಲೆ ಸಿಟ್ಟೆಂದು ನನಗೇ ಗೊತ್ತಿರಲಿಲ್ಲ.

ಪಾರ್ಕಿನಲ್ಲಿ ನಾವೆಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಮೊಣಕಾಲಿನ ಕೆಳಗೆ ಬರುವಂತೆ ಉಟ್ಟ ಪಂಚೆ, ಮಳೆ ಇರಲಿ ಬಿಡಲಿ ಒಂದು ಕೊಡೆ. ನಮ್ಮನ್ನೆಲ್ಲ ಊರಾಚೆ ನಡೆಯಲು ಹಚ್ಚಿದವರು ಅವರೇ. "ಈ ಪಾರ್ಕು ಸುತ್ತೋದು ಗಾಣದ ಎತ್ತು ಸುತ್ತಿದ ಹಾಗೆ. ಎಣ್ಣೆ ಬೇರೆ ಬರಲ್ಲ. ಬನ್ರಯ್ಯ, ಹೊಳೆ ತೋರಿಸ್ತೀನಿ" ಎಂದು ಒಂದು ಭಾನುವಾರ ಬೆಳಗಿನ ರೈಲು ಹತ್ತಿಸಿ ಮದ್ದೂರಿಗೆ ಕರೆದುಕೊಂಡು ಹೋದರು. ಆಮೇಲೆ ಅದು ತಿಂಗಳಿಗೊಮ್ಮೆಯ ರೂಢಿಯಾಯಿತು.

ಮದ್ದೂರು ಸಣ್ಣ ಸಂತೆಯ ಊರು. ಊರು ದಾಟಿದರೆ ಶಿಂಷಾ ಹೊಳೆ, ಅದರ ದಂಡೆಯ ಮೇಲೆ ಕಾಲುದಾರಿ. ಏರಿಲ್ಲ, ಇಳಿಜಾರಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆ, ಉದ್ದಕ್ಕೂ ಹೊಂಗೆಮರದ ನೆರಳು. ಹರೆಯದಲ್ಲಿ ಅವರು ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಸಂತೆಗೂ ಹೊಳೆಯಂಚಿನ ಹಳ್ಳಿಗಳಿಗೂ ಓಡಾಡಿದ ದಾರಿ ಅದು. ನಮ್ಮ ಗುಂಪಿನ ಪದ್ಮಮ್ಮನಿಗೆ ಮಂಡಿ ನೋವು. ಮೊದಲ ದಿನ ಹೆಜ್ಜೆಹೆಜ್ಜೆಗೂ ಹೆದರುತ್ತಿದ್ದರು. ಯಜಮಾನರು ಪಕ್ಕಕ್ಕೆ ಬಂದು, ಬಳೆ ತೊಡಿಸುವ ದನಿಯಲ್ಲೇ ಹೇಳಿದರು: "ಸಡಿಲ ಬಿಡಮ್ಮ. ಬಿಗಿ ಹಿಡಿದ್ರೇನೇ ಒಡೆಯೋದು. ಕೈಗೂ ಅದೇ ಮಾತು, ಕಾಲಿಗೂ ಅದೇ ಮಾತು."

"ಒಡೆದ್ರೆ ಹೊಸಾದು ಹಾಕ್ತೀರಾ ಯಜಮಾನ್ರೇ?" ಎಂದರು ಪದ್ಮಮ್ಮ.

"ಬಳೆಯಾದ್ರೆ ಹಾಕ್ತೀನಿ. ಮಂಡಿಗೆ ನಮ್ಮಂಗಡೀಲಿ ಸೈಜಿಲ್ಲ!"

ಹಿಂದಿನಿಂದ ಪುಟ್ಟಸ್ವಾಮಿ, "ನಂಗೊಂದು ಸೊಂಟ ಇದ್ರೆ ನೋಡಿ ಯಜಮಾನ್ರೇ, ಹಳೇದಾದ್ರೂ ಪರವಾಗಿಲ್ಲ" ಎಂದ. ಆಲೆಮನೆಯವರು ಬಾಳೆಲೆಯ ಚೂರಿನಲ್ಲಿ ಕೊಟ್ಟ ಬಿಸಿ ಬೆಲ್ಲ ನೆಕ್ಕುತ್ತಾ, ಅರವತ್ತು ದಾಟಿದ ನಾವೆಲ್ಲ ಮಕ್ಕಳ ಹಾಗೆ ನಗುತ್ತಾ ನಡೆದೆವು.

ಅವರ ನಡಿಗೆಯ ವಿಚಿತ್ರ ಹೇಳಬೇಕು. ಅವರು ನಿಧಾನ. ಆದರೆ ನಿಲ್ಲುತ್ತಿರಲಿಲ್ಲ. ನಾವು ಎಳನೀರು ಕುಡಿಯಲು ನಿಲ್ಲುತ್ತಿದ್ದೆವು, ಫೋಟೋ ತೆಗೆಯಲು ನಿಲ್ಲುತ್ತಿದ್ದೆವು. ಅಷ್ಟರಲ್ಲಿ ಅವರು ಎಲ್ಲರಿಗಿಂತ ಮುಂದೆ ಒಂದು ಬಿಳಿ ಚುಕ್ಕೆಯಾಗಿರುತ್ತಿದ್ದರು. ಹಾಗಾಗಿ ದಾರಿ ಕವಲೊಡೆಯುವ ಕಡೆ ಒಂದು ಪದ್ಧತಿ ಮಾಡಿದ್ದರು. ಸಂತೆಗೆ ಗುಂಪಾಗಿ ಹೋಗುತ್ತಿದ್ದ ಕಾಲದ್ದಂತೆ ಅದು. ಮುಂದೆ ಹೋದವನು ಒಂದು ಕೊಂಬೆ ಹೊಂಗೆ ಸೊಪ್ಪು ಮುರಿದು, ಹೋಗಬಾರದ ದಾರಿಗೆ ಅಡ್ಡ ಹಾಕುವುದು. ಹಿಂದೆ ಬರುವವರು ಸೊಪ್ಪಿಲ್ಲದ ದಾರಿ ಹಿಡಿಯುವುದು. "ಮುಂದೆ ಹೋದೋನ ಮಾತು ಹಿಂದಿನೋರಿಗೆ ಕೇಳ್ಸಲ್ಲ. ಸೊಪ್ಪೇ ಅವನ ಬಾಯಿ" ಎನ್ನುತ್ತಿದ್ದರು. "ಅದನ್ನ ಯಾರೂ ಮುಟ್ಟಬಾರದು."

ನಾನು ಮುಟ್ಟಿದೆ.

ನಾನು ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು, ಬಿರುಸು ನಡಿಗೆಯವನು. ಆದರೂ ಪ್ರತಿ ಸಲ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವರು ನನಗಿಂತ ಮೊದಲೇ ಕೂತಿರುತ್ತಿದ್ದರು. "ಬಂದೆಯಾ ನಂಜುಂಡ? ದಾರೀಲಿ ಯಾರಾದ್ರೂ ನೆಂಟ್ರು ಸಿಕ್ಕಿದ್ರಾ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೆ ಚುರ್ ಎನ್ನುತ್ತಿತ್ತು. ಆಗತಾನೆ ಕೊಂಡ ಫೋನಿನಲ್ಲಿ ಮ್ಯಾಪ್ ನೋಡಿದ್ದೆ. ವಾಪಸು ಬರುವಾಗ ಹೊಳೆಯ ದಾರಿ ಬಿಟ್ಟು ನಾಲೆಯ ಏರಿ ಹಿಡಿದರೆ ಗೆರೆ ಎಳೆದ ಹಾಗೆ ನೇರ ಊರಿಗೆ. ಯಜಮಾನರಿಗೆ ಹೇಳಿದ್ದಕ್ಕೆ, "ಬೇಡಪ್ಪ, ಅಲ್ಲಿ ನೆರಳಿಲ್ಲ. ಮುಂದೆ ತೂಬಿನ ಹತ್ರ ದಾಟೋಕೂ ಆಗಲ್ಲ" ಎಂದಿದ್ದರು. ಒಂದು ಸಲವಾದರೂ ಆ ಬೆಂಚಿನ ಮೇಲೆ ಅವರಿಗಿಂತ ಮೊದಲು ಕೂರಬೇಕು, ಎಲ್ಲರನ್ನೂ ಜೊತೆಗೆ ಕೂರಿಸಿಕೊಂಡು "ನೆಂಟ್ರು ಸಿಕ್ಕಿದ್ರಾ ಯಜಮಾನ್ರೇ?" ಎಂದು ನಾನು ಕೇಳಬೇಕು. ನನ್ನ ಆಸೆ ಅಷ್ಟೇ ಇತ್ತು.

ಬೇಸಿಗೆಯ ಆ ಭಾನುವಾರ ಕವಲಿಗೆ ಅವರ ಹಿಂದೆ ನಾನೊಬ್ಬನೇ ಬಂದೆ. ಸೊಪ್ಪು ನಾಲೆಯ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನೆತ್ತಿ ಹೊಳೆಯ ದಾರಿಗೆ ಹಾಕಿ, ನಾಲೆ ಏರಿಯ ಮೇಲೆ ಬಿರಬಿರನೆ ಹೊರಟೆ. ಉಳಿದವರೆಲ್ಲ ಸೊಪ್ಪನ್ನು ನಂಬಿ ನನ್ನ ಹಿಂದೆ ಬಂದರು.

ನೆರಳಿರಲಿಲ್ಲ. ತೂಬಿನ ಹತ್ತಿರ ದಾರಿಯೂ ಇರಲಿಲ್ಲ. ತಿರುಗಿ ಬರುವಾಗ ಬಿಸಿಲಿಗೆ ಪದ್ಮಮ್ಮ ತಲೆ ಸುತ್ತಿ ಏರಿಯ ಮೇಲೇ ಕುಸಿದರು. ಕಬ್ಬು ತುಂಬಲು ಬಂದಿದ್ದ ಟ್ರ್ಯಾಕ್ಟರಿನವರು ನೀರು ಚಿಮುಕಿಸಿ, ಕೂರಿಸಿಕೊಂಡು ಸ್ಟೇಷನ್ನಿಗೆ ತಂದು ಬಿಟ್ಟರು. ರೈಲು ಹೋಗಿತ್ತು. ಯಜಮಾನರು ಬೆಂಚಿನಿಂದೆದ್ದು ಓಡಿ ಬಂದರು.

"ಏನ್ ಯಜಮಾನ್ರೇ, ಹೊಳೆ ದಾರಿಗೆ ಸೊಪ್ಪು ಹಾಕಿ ನೀವು ಅದೇ ದಾರೀಲಿ ಬಂದಿದೀರಲ್ಲ!" ಎಂದ ಪುಟ್ಟಸ್ವಾಮಿ.

"ಇಲ್ಲವಲ್ಲೋ. ನಾಲೆ ದಾರಿಗಲ್ವಾ ಹಾಕಿದ್ದು?"

"ನಾವೆಲ್ಲ ಕಣ್ಣಾರೆ ನೋಡಿದೀವಿ."

ಅವರು ನನ್ನ ಕಡೆ ತಿರುಗಿದರು. "ನಂಜುಂಡ, ನೀನು ನನ್ನ ಹಿಂದೇನೇ ಇದ್ದೆ. ಎಲ್ಲಿತ್ತು ಸೊಪ್ಪು?"

ಪದ್ಮಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಬೆಂಚಿನ ಮೇಲೆ ಮಲಗಿದ್ದರು. ಸೊಪ್ಪು ಸರಿಸಿದ್ದು ನಾನೇ ಎಂದರೆ ಎಲ್ಲರೂ ನನ್ನನ್ನು ಹರಿದು ತಿನ್ನುತ್ತಿದ್ದರು. "ಹೊಳೆ ದಾರೀಲಿ ಇತ್ತು ಯಜಮಾನ್ರೇ" ಎಂದೆ.

ಅವರು ಬಸ್ಸಿನಲ್ಲಿ ಬೆಂಗಳೂರು ತಲುಪುವವರೆಗೂ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಾ ಕೂತಿದ್ದರು.

ಸುದ್ದಿ ಅವರ ಮನೆ ಮುಟ್ಟಲು ಹೊತ್ತಾಗಲಿಲ್ಲ. ಅವರ ಸೊಸೆ ಶೈಲಾ ನನ್ನನ್ನು ಹುಡುಕಿಕೊಂಡು ಬಂದರು. ಮಾವನ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಹೆಣ್ಣುಮಗಳು. "ಅಂಕಲ್, ಡಾಕ್ಟ್ರು ಏನಿಲ್ಲ ಅಂತಾರೆ. ಆದ್ರೆ ನೀವು ಜೊತೇಲಿದ್ರಿ. ಮಾವಂಗೆ ನಿಜವಾಗ್ಲೂ ಮರೆವು ಶುರುವಾಗಿದ್ಯಾ? ಒಬ್ರನ್ನೇ ಹೊರಗೆ ಬಿಡಬಹುದಾ?"

ಆಗಲೂ ಹೇಳಬಹುದಿತ್ತು. ಕಾಫಿ ಲೋಟ ಕೈಯಲ್ಲಿ ಹಿಡಿದು, "ಸ್ವಲ್ಪ ನೋಡ್ಕೊಳ್ಳಮ್ಮ, ವಯಸ್ಸಾಯ್ತಲ್ಲ" ಎಂದೆ.

ಅವರ ಗೇಟಿಗೆ ಬೀಗ ಬಿತ್ತು. ಪಾರ್ಕಿಗೂ ಅವರು ಬರುವುದು ನಿಂತಿತು. ಬಂದರೂ ಮಗನ ಕಾರಿನಲ್ಲಿ ಬಂದು, ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಹೊಳೆಗೆ ನಾವೂ ಹೋಗಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಅವರು ಗೇಟಿನ ಒಳಗೆ, ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತಿದ್ದರು. ಕಾಲು ಸಣ್ಣಗಾಗಿತ್ತು. "ಬಾರಯ್ಯ. ದಾರೀಲಿ ನೆಂಟ್ರು ಸಿಕ್ಕಿದ್ರಾ?" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿದರು. "ಆ ಕೊಂಬೆ ಮುರಿದಿದ್ದು ನೆನಪಿದೆ. ನಾಲೆ ದಾರಿಗೆ ಅಡ್ಡ ಹಾಕಿದ್ದು ನೆನಪಿದೆ. ಹಾಕಿ, ಗಾಳಿಗೆ ಹಾರದ ಹಾಗೆ ಅದರ ಮೇಲೆ ಕಲ್ಲಿಟ್ಟಿದ್ದೂ ನೆನಪಿದೆ. ಆದ್ರೆ ನೀನು ಸುಳ್ಳು ಹೇಳೋನಲ್ಲ. ಅಂದ್ಮೇಲೆ ನನ್ನ ತಲೇನೇ ನಂಬೋ ಹಾಗಿಲ್ಲ. ಈಗ ಊಟ ಮಾಡಿದ್ನೋ ಇಲ್ವೋ ಅಂತಾನೂ ಶೈಲಾನ ಎರಡೆರಡು ಸಲ ಕೇಳ್ತೀನಿ ಕಣಯ್ಯ."

ಹೌದು, ಆ ಕಲ್ಲನ್ನೂ ನಾನೇ ಎತ್ತಿದ್ದೆ.

ಅವರು ನನ್ನ ಕೈ ತೆಗೆದುಕೊಂಡು ಗೆಣ್ಣುಗಳನ್ನು ಒತ್ತಿದರು. "ಯಾಕಯ್ಯ ಇಷ್ಟು ಬಿಗಿ? ಸಡಿಲ ಬಿಡು" ಎಂದರು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಶೈಲಾ ಒಳಗಿನಿಂದ ಕಾಫಿ ತಂದರು. ಕುಡಿದು ಬಂದೆ.

ಹೋದ ವರ್ಷ ಅವರು ತೀರಿಕೊಂಡರು. ವಿಭೂತಿ ಹಚ್ಚಿ ಕೂರಿಸಿದ್ದ ಅವರ ಮುಂದೆ ಸಾಲಿನಲ್ಲಿ ನಿಂತಾಗ ಯಾರೋ ನನ್ನ ಕೈಗೂ ಒಂದು ಬಿಲ್ವಪತ್ರೆ ಕೊಟ್ಟರು. ಆ ಎಲೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ಹಿಂದೆ ಸರಿದೆ.

ಹೋದ ವಾರ ಶೈಲಾ ಹೇಳಿದ್ದು ಇಷ್ಟು: "ನೀವು ಅವತ್ತು ಹೇಳಿದ್ದು ಎಷ್ಟು ಒಳ್ಳೇದಾಯ್ತು ಅಂಕಲ್. ಇಲ್ದಿದ್ರೆ ಮಾವ ಎಲ್ಲಾದ್ರೂ ಕಳೆದುಹೋಗ್ಬಿಡ್ತಿದ್ರು. ಥ್ಯಾಂಕ್ಸ್."

ನಾನು ತಲೆಯಾಡಿಸಿ ಮನೆಗೆ ಬಂದೆ. ಈಗ ಬರೆದು ಮುಗಿಸಿದ್ದೇನೆ. ಇದನ್ನು ಮೊದಲು ಓದಬೇಕಾದವರು ಶೈಲಾ. ನಾಳೆ ಬೆಳಿಗ್ಗೆ ಆ ಗೇಟಿನ ಮುಂದೆ ನಿಂತು ನನ್ನ ಕೈಯಾರೆ ಕೊಡುತ್ತೇನೆ. ಅವರು ಕೂಗಾಡಲಿ, ಬಾಗಿಲು ಹಾಕಿಕೊಳ್ಳಲಿ.

ಅವರ ಮಾವನಿಗೆ ಹೇಳಬೇಕಾದ್ದು ಮಾತ್ರ ನನ್ನಲ್ಲೇ ಉಳಿಯಿತು. ನಿಮ್ಮ ನೆನಪು ಸರಿಯಾಗಿತ್ತು. ಕೊಂಬೆ ಮುರಿದದ್ದೂ ನಿಜ, ಕಲ್ಲಿಟ್ಟದ್ದೂ ನಿಜ. ಸೊಪ್ಪನ್ನು ನೀವು ನಾಲೆಯ ದಾರಿಗೇ ಹಾಕಿದ್ದಿರಿ, ಮರಿಬಸಪ್ಪನವರೇ.