ಸರಿ ಮಾಡಿದ ಬೇಲಿ

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಎಲ್ಲರೂ ಬೇಲಿ ಸರಿ ಮಾಡುತ್ತಾರೆ. ಸರಿ ಮಾಡುವುದೆಂದರೆ ಸರಿಸುವುದು. ವರ್ಷಕ್ಕೊಂದು ಗೇಣು, ಯಾವಾಗಲೂ ರಸ್ತೆಯ ಕಡೆಗೇ. ಹೊಸನಗರದ ಅಂಚಿನಲ್ಲಿ, ತೀರ್ಥಹಳ್ಳಿ ರಸ್ತೆಗೆ ಮುಖ ಮಾಡಿರುವ ನಮ್ಮ ಮನೆಗಳ ಸಾಲಿನಲ್ಲಿ ಡಾಂಬರಿನ ಪಕ್ಕದ ಮಣ್ಣಿನ ದಾರಿ ಹೀಗೇ ಮಾಯವಾಯಿತು. ನಡೆಯುವವರು, ಸೈಕಲ್ಲಿನವರು ಡಾಂಬರಿನ ಮೇಲೇ ಹೋಗಬೇಕು. ಅಲ್ಲಿ ಪ್ರವಾಸಿಗರ ಕಾರುಗಳು ಮೈಮೇಲೇ ಬರುತ್ತವೆ.

ಅಂಥದೊಂದು ಕಾರು ಹೈಸ್ಕೂಲಿಗೆ ಹೊರಟಿದ್ದ ನನ್ನ ಮಗಳನ್ನು ಎದುರುಮನೆ ಮೇಷ್ಟ್ರ ಮುಳ್ಳುಬೇಲಿಗೆ ಒತ್ತಿ, ನಿಲ್ಲದೆ ಹೋಯಿತು. ಕೈಯೆಲ್ಲ ಗೀರು. ಮಾರನೆಯ ದಿನ ಅವಳು ಸೈಕಲ್ಲನ್ನು ಕೊಟ್ಟಿಗೆಗೆ ತಳ್ಳಿ, "ಇನ್ನು ನಾನು ಹೊಡ್ಯಲ್ಲ" ಎಂದಳು. ನನಗೆ ಇಡೀ ಸಾಲಿನ ಮೇಲೆ ಸಿಟ್ಟು ಬಂತು.

ಎಲ್ಲರನ್ನೂ ಮೇಷ್ಟ್ರ ಜಗಲಿಯಲ್ಲಿ ಸೇರಿಸಿದೆ. ಹಂಪ್ ಹಾಕಿಸಬೇಕೆಂದು ಒಪ್ಪಿದರು. ತಮ್ಮ ಮನೆಯೆದುರು ಮಾತ್ರ ಬೇಡವಂತೆ, ಲಾರಿ ಹಾರಿದರೆ ನಿದ್ದೆ ಕೆಡುತ್ತದಂತೆ. ಕಾಫಿ ಕುಡಿಯುತ್ತಾ ಕಾರಿನವರನ್ನು ಬೈದರು. ನಮ್ಮ ಬೇಲಿ ಆಗಲೇ ಹಿಂದಕ್ಕೆ ಹಾಕಿಸಿದ್ದೇನೆ, ನೀವೂ ಹಾಕಿಸಿ ಎಂದೆ.

"ನಮ್ದು ಆಗಲ್ಲಮ್ಮ" ಎಂದರು ಮೇಷ್ಟ್ರು. "ಬೇಲಿ ಒಳಗೆ ಚೌಡಿ ಕಲ್ಲಿದೆ. ಮನೆಯವ್ಳು ದಿನಾ ಪೂಜೆ ಮಾಡ್ತಾಳೆ. ದೇವ್ರನ್ನ ಬೀದಿಗೆ ಹಾಕಕ್ಕಾಗುತ್ತಾ?"

ಎದ್ದು ಹೋಗಿ ನೋಡಿದೆ. ದಾಸವಾಳ ಮುಡಿದು, ಕುಂಕುಮ ಬಳಿಸಿಕೊಂಡ ಕಲ್ಲು, ಮೈತುಂಬ ಪಾಚಿ. ಆ ಗುಂಡು ತಲೆ ಎಲ್ಲೋ ನೋಡಿದಂತಿತ್ತು. ಪಕ್ಕದಲ್ಲಿದ್ದ ಕೊಡದ ನೀರು ಸುರಿದು ಸೆರಗಿನಿಂದ ಉಜ್ಜಿದೆ. 'ತೀರ್ಥಹಳ್ಳಿ' ಎಂಬ ಕಪ್ಪಕ್ಷರ ಎದ್ದು ಬಂತು, ಕೆಳಗೆ ಕಿಲೋಮೀಟರು.

"ನಿಮ್ಮ ಚೌಡಿ ಸರ್ಕಾರದವಳು ಮೇಷ್ಟ್ರೇ. ರಸ್ತೆ ಬದಿಗೆ ನಿಂತಿದ್ಲು, ನಿಮ್ಮ ಬೇಲಿ ನುಂಗ್ತು" ಎಂದೆ. "ನೀನು ಮುಟ್ಟಬಾರ್ದಿತ್ತು ಮಾರಾಯ್ತಿ" ಎಂದು ಮೇಷ್ಟ್ರ ಹೆಂಡತಿ ಒಳಗೆ ಹೋದರು.

ವಾರದೊಳಗೆ ಮೇಷ್ಟ್ರು ಸರಿ ಮಾಡಿಸಿದರು. ಬೇಲಿಯನ್ನಲ್ಲ, ಕಲ್ಲನ್ನು. ಕೀಳಿಸಿ ಬೇಲಿಯ ಹೊರಗೆ, ಡಾಂಬರಿನ ಅಂಚಿಗೆ ನೆಡಿಸಿದರು. ಬೀದಿಗೆ ಹಾಕಲಾಗದ ಚೌಡಿ ಬೀದಿಗೆ ಬಂದಳು, ಬೇಲಿ ಇದ್ದಲ್ಲೇ ಇತ್ತು. ಹೆಂಡತಿ ಮಾತ್ರ ಪೂಜೆ ಬಿಡಲಿಲ್ಲ. ಅಕ್ಷರ ಕಾಣದಂತೆ ಇನ್ನಷ್ಟು ಕುಂಕುಮ ಬಳಿದರು.

ಆಮೇಲೆ ಕಾರುಗಳು ಅಲ್ಲಿ ನಿಧಾನವಾಗತೊಡಗಿದವು. ಒಳಗಿದ್ದವರು ಕೈ ಮುಗಿಯುತ್ತಾರೆ, ಕೆಲವರು ಚಿಲ್ಲರೆ ಎಸೆಯುತ್ತಾರೆ. ನನ್ನ ಮಗಳನ್ನು ಕಂಡು ಬ್ರೇಕ್ ಒತ್ತದವರು ಕುಂಕುಮ ಕಂಡು ಒತ್ತುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಮಗಳು ಕೆಲವು ದಿನ ಗೇಟಿನಲ್ಲಿ ನಿಂತು ಇದನ್ನೆಲ್ಲ ನೋಡಿದಳು, ಆಮೇಲೆ ಸೈಕಲ್ಲಿನ ಧೂಳು ಒರೆಸಿದಳು.

ಈಗ ಮಳೆಗಾಲ. ಮಳೆ ಹೊಡೆದರೆ ಕುಂಕುಮ ತೊಳೆದುಹೋಗುತ್ತದೆ. ಮೇಷ್ಟ್ರ ಹೆಂಡತಿ ಏಳುವುದು ತಡವಾಗಿ. ಮಗಳು ಸೈಕಲ್ ಹೊರಗೆ ತೆಗೆಯುವ ಮೊದಲು ನಾನೇ ಹೋಗಿ, ಆ ಬೇಲಿಗೆ ಬಾಯಿಗೆ ಬಂದಂತೆ ಬೈಯುತ್ತಾ, ಕಿಲೋಮೀಟರ್ ಕಲ್ಲಿಗೆ ಕುಂಕುಮ ಬಳಿದು ಬರುತ್ತೇನೆ.