ಕಲ್ಯಾಣಪ್ಪನ ಬಾಸಿಂಗ, ರಂಭಾಬಾಯಿಯ ಅಂಟು

ಉದಗೀರದ ಕೋಟೆಯ ಕಡೆಯಿಂದ ಬೆಳಕು ಇನ್ನೂ ಪೇಟೆಗೆ ಇಳಿದಿಲ್ಲ. ಕಲ್ಯಾಣಪ್ಪನವರ ಮನೆಯ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಮಣ್ಣಿನ ಗಡಿಗೆಯೊಂದು ಕುದಿಯುತ್ತಿದೆ. ರಂಭಾಬಾಯಿ ಬೇವಿನ ಕೋಲಿನಿಂದ ಅದನ್ನು ಒಂದೇ ದಿಕ್ಕಿಗೆ ತಿರುವುತ್ತಿದ್ದಾರೆ. ನಡುನಡುವೆ ಕೋಲೆತ್ತಿ, ತುದಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಬಿಡಿಸುತ್ತಾರೆ. ಎಳೆ ಬರುತ್ತದೆ, ತಟ್ಟನೆ ಹರಿಯುತ್ತದೆ. ಅವರು ತಲೆಯಾಡಿಸುತ್ತಾರೆ.

“ಇನ್ನಾ ಆಗಿಲ್ರಿ. ಎಳಿ ಎರಡು ಬೆರಳ ಉದ್ದ ಬರಬೇಕು. ಆಮ್ಯಾಲ ಇಳಸೂದು.”

ಕುದಿಯುತ್ತಿರುವುದು ಹುಣಸೆಬೀಜ. ಬೀಜವನ್ನು ಬಿಸಿ ಬೂದಿಯಲ್ಲಿ ಹುರಿದು, ಒರಳಲ್ಲಿ ಕುಟ್ಟಿ ಕೆಂಪು ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿದರೆ ಅಂಟು. ಇಳಿಸುವ ಮೊದಲು ಚಿಟಿಕೆ ಪಟಿಕ. ಈ ಅಂಟಿನ ಮೇಲೆ ಉದಗೀರ, ನಿಲಂಗಾ, ಉಮರ್ಗಾ ಕಡೆಯ ಎಷ್ಟೋ ಮದುಮಕ್ಕಳ ಬಾಸಿಂಗ ನಿಂತಿದೆ. ಅಂಗಡಿಗೆ ಬರುವವರು ಮಾತ್ರ ಕೇಳುವುದು ‘ಕಲ್ಯಾಣಪ್ಪನ ಬಾಸಿಂಗ’ವನ್ನೇ. ಮುಂದಿನ ಕಟ್ಟೆಯ ಮೇಲೆ ಕುಂಕುಮ, ಅರಿಷಿಣ, ದಾರದ ಉಂಡೆಗಳ ನಡುವೆ ಕುಳಿತಿರುವ ಕಲ್ಯಾಣಪ್ಪನವರನ್ನು ಕೇಳಿದರೆ ನಗುತ್ತಾರೆ.

“ನಾ ಬರೇ ಮಾರಾಂವ್ರಿ. ನನಗ ಒಂದ್ ಕಾಗದ ನೆಟ್ಟಗ ಹಚ್ಚಾಕ ಬರಂಗಿಲ್ಲ. ಎಲ್ಲಾ ನಮ್ ಮನಿಯಾಕೀದು.”

ನಾನು ಉದಗೀರಕ್ಕೆ ಬಂದದ್ದು ಬಂಧುವೊಬ್ಬರ ಮದುವೆಗೆ. ಮದುಮಗಳ ಬಾಸಿಂಗವನ್ನು ಕೈಗೆತ್ತಿಕೊಂಡು ಹಿಂದುಮುಂದಾಗಿಸಿ ನೋಡಿದಾಗ ಕುತೂಹಲ ಹುಟ್ಟಿತು. ಮುಂದೆ ಬೇಗಡೆಯ ಹೊಳಪು, ಬೆಂಡಿನ ಹೂ, ನಡುವೆ ನವಿಲು. ಹಿಂದೆ ಅರಿಷಿಣದ ಬಟ್ಟೆ. ಬಟ್ಟೆಯ ಅಂಚು ಸರಿಸಿದರೆ ಹಳೆಯ ಉರ್ದು ವರ್ತಮಾನಪತ್ರದ ಅಕ್ಷರಗಳು. ಏಳು ಪದರ ಕಾಗದ ಒಂದರ ಮೇಲೊಂದು ಕೂತು ಹಲಗೆಯಂತಾಗಿದೆ. ಉಗುರಿನಿಂದ ಕೆದಕಿದರೂ ಒಂದು ಪದರ ಏಳಲಿಲ್ಲ. ಇದನ್ನು ಹಿಡಿದಿಟ್ಟಿರುವುದು ಏನು ಎಂದು ಕೇಳಿಕೊಂಡೇ ಈ ಹಿತ್ತಿಲಿಗೆ ಬಂದೆ.

“ಒಂದ ಅಂಟು ಅಂದ್ರ ಆಗಂಗಿಲ್ರಿ,” ಎಂದು ರಂಭಾಬಾಯಿ ಗಡಿಗೆ ಇಳಿಸುತ್ತಾರೆ. “ಕಾಗದಕ್ಕ ಕಾಗದ ಹಚ್ಚೂದಿದ್ರ ಗೋಧಿಹಿಟ್ಟು ಕುದಿಸಿದ ಖಳ. ಬೆಂಡಿಗೆ ಹುಣಸಿಬೀಜ. ಬೇಗಡಿ ಹಚ್ಚಾಕ ಜಾಲಿಗೋಂದು, ಅದಕ್ಕ ಒಂದೀಟು ಬೆಲ್ಲ ಹಾಕಬೇಕು, ಇಲ್ಲಂದ್ರ ಬ್ಯಾಸಗಿಗೆ ಗಾಜಿನಂಗ ಒಡೀತದ. ಗೋಂದು ತೆಳ್ಳಗ ಇರ್ತದ, ಹೊಳಪು ಕೆಡಸಂಗಿಲ್ಲ. ಖರೇ, ಅದಕ್ಕ ತಂಪು ಅಂದ್ರ ಆಗಂಗಿಲ್ಲ, ಹಸಿ ತಾಗಿದ್ರ ಕರಗ್ತದ.”

ಬಡಗಿಗಳು ಚರ್ಮ ಕುದಿಸಿ ಮಾಡಿದ ಸರಸ್ ಬಳಸುತ್ತಾರಲ್ಲ, ಅದು ಇವೆಲ್ಲಕ್ಕಿಂತ ಗಟ್ಟಿಯಲ್ಲವೇ ಎಂದೆ.

“ಗಟ್ಟಿ ಅದರೀ. ಆದ್ರ ವಿಭೂತಿ ಹಚ್ಚೂ ಹಣಿ ಮ್ಯಾಲ ಸತ್ತ ದನದ ತೊಗಲು ಹೆಂಗ ಇಡೂದು? ಮತ್ತ ಬಿಸಲಿಗೆ ವಾಸನಿ ಬರ್ತದ.”

ಅಂಟಿನ ವಿದ್ಯೆ ಅವರಿಗೆ ತಾಯಿಯಿಂದ ಬಂದದ್ದು. ತವರು ಉಮರ್ಗಾ. ತಾಯಿ ಸರುಬಾಯಿ ನೆನೆದ ಕಾಗದವನ್ನು ಮೆಂತ್ಯದ ಲೋಳೆಯೊಂದಿಗೆ ಅರೆದು ಬಿದಿರಿನ ಬುಟ್ಟಿ, ಮೊರಗಳಿಗೆ ಬಳಿಯುತ್ತಿದ್ದರು, ಹಿಟ್ಟು ಸೋರುತ್ತಿರಲಿಲ್ಲ. ಮದುವೆಯಾಗಿ ಉದಗೀರಕ್ಕೆ ಬಂದಾಗ ಅತ್ತೆ ಬಾಸಿಂಗ ಕಟ್ಟುತ್ತಿದ್ದರು. ಅತ್ತೆಯ ಕಣ್ಣು ಮಬ್ಬಾದ ಮೇಲೆ ಕೆಲಸ ಸೊಸೆಯ ಕೈಗೆ ಬಂತು. ಒಂದು ಜೋಡಿಗೆ ಮೂರು ದಿನ. ಹುಣಸೆಬೀಜದ ಅಂಟು ಹಾಕಿದ್ದು ಇಡೀ ಒಂದು ರಾತ್ರಿ ಕಲ್ಲಿನ ಭಾರದ ಕೆಳಗೆ ಇರಬೇಕು. ಲಗ್ನಸರಾಯಿಯ, ಅಂದರೆ ಮದುವೆಯ ಕಾಲದ, ನಾಲ್ಕು ತಿಂಗಳಲ್ಲಿ ಸುಮಾರು ನಲವತ್ತು ಜೋಡಿ.

ಇಷ್ಟೆಲ್ಲ ಹೇಳಿ ಅವರು ಗಡಿಗೆಗೆ ತಟ್ಟೆ ಮುಚ್ಚುತ್ತಾರೆ. ಆಮೇಲೆ ತಾವಾಗಿಯೇ ಹೇಳುತ್ತಾರೆ: “ಒಂದ್ ಸಲ ಗಲತಿ ಮಾಡೀನ್ರಿ. ಬರಿಯೂದಿದ್ರ ಅದನ್ನೂ ಬರೀರಿ.”

ಅದು ನಿಜಾಮ ಸರಕಾರದ ಲೆಕ್ಕದಲ್ಲಿ ಫಸಲಿ ೧೩೩೧ರ ವೈಶಾಖ. ಒಂದೇ ವಾರದಲ್ಲಿ ಆರು ಮದುವೆ. ಉದಗೀರದ ಜೋಳದ ವ್ಯಾಪಾರಿ ಜಗದೇವಪ್ಪನವರ ಮಗಳು ಸುಗಂಧಾಳನ್ನು ನಿಲಂಗಾದ ಕಿರಾಣಿ ಮನೆತನಕ್ಕೆ ಕೊಟ್ಟಿದ್ದರು. ಮದುವೆ ಗಂಡಿನ ಊರಿನಲ್ಲಿ. ಬೆಳಗಾದರೆ ಬಂಡಿ ಹೊರಡಬೇಕು, ಮದುಮಗಳ ಬಾಸಿಂಗದ ನವಿಲು ಇನ್ನೂ ಕೂತಿರಲಿಲ್ಲ. ಹುಣಸೆಬೀಜದ ಅಂಟು ಒಣಗುವಷ್ಟು ಹೊತ್ತು ಕೈಯಲ್ಲಿಲ್ಲ. ರಂಭಾಬಾಯಿ ಬೆಂಡಿನ ನವಿಲನ್ನು ಜಾಲಿಗೋಂದಿನಿಂದ ಅಂಟಿಸಿಬಿಟ್ಟರು. ಅದು ಗಳಿಗೆಯಲ್ಲಿ ಒಣಗಿತು. ಅಲುಗಾಡಿಸಿ ನೋಡಿದರು. ಗಟ್ಟಿಯಾಗಿತ್ತು.

ದಾರಿಯಲ್ಲಿ ಅಡ್ಡಮಳೆ ಬಂತು. ಬಾಸಿಂಗದ ಬುಟ್ಟಿ ತೊಯ್ಯಲಿಲ್ಲ, ಆದರೆ ಮೇಲೆ ಮುಚ್ಚಿದ ಬಟ್ಟೆ ಒದ್ದೆಯಾಗಿ ಇಡೀ ದಾರಿ ಹಾಗೇ ಇತ್ತು. ಮರುದಿನ ಅಕ್ಷತೆ ಬೀಳುವ ಹೊತ್ತಿಗೆ ಸುಗಂಧಾಳ ಹಣೆಯ ಮೇಲಿನ ನವಿಲು ಜಾರಿ, ಮೂಗಿನ ಮೇಲೆ ಹಾದು, ನೆಲಕ್ಕೆ ಬಿತ್ತು.

ಮದುವೆ ನಿಲ್ಲಲಿಲ್ಲ. ಆದರೆ ಯಾರೋ ಒಬ್ಬರು ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ ಎಂದರು. ಎಂಟನೆಯ ದಿನಕ್ಕೆ ಗಂಡಿನ ಮನೆಯಲ್ಲಿ ಹಾಲು ಕರೆಯುವ ಎಮ್ಮೆ ಸತ್ತಿತು. ಆಗ ಆ ಮಾತು ಊರೆಲ್ಲ ಹಬ್ಬಿತು. ತವರಿಗೆ ಬಂದ ಸುಗಂಧಾಳನ್ನು ಕರೆದೊಯ್ಯಲು ನಿಲಂಗಾದಿಂದ ಯಾರೂ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು.

ಆಷಾಢದ ಒಂದು ಮಧ್ಯಾಹ್ನ ಸುಗಂಧಾ ತಾನೇ ರಂಭಾಬಾಯಿಯ ಹಿತ್ತಿಲಿಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು.

“ಕಾಕು, ಇದನ್ನ ಮನ್ಯಾಗ ಇಡಬಾರದಂತ. ಬಾವಿಗೆ ಬಿಡಾಕೂ ಅವ್ವ ಅಂಜ್ಯಾಳ. ನೀವ ಇಟ್ಕೋರಿ,” ಎಂದು ಗಂಟು ಇಟ್ಟು ಹೋದಳು.

ರಂಭಾಬಾಯಿ ಬಿಚ್ಚಿ ನೋಡಿದರು. ನವಿಲಿನ ಬೆನ್ನಿನ ಮೇಲೆ ಗೋಂದು ಕರಗಿ ಹರಿದು ಮತ್ತೆ ಒಣಗಿದ ಗುರುತು, ಬಸವನಹುಳು ನಡೆದ ಹಾದಿಯಂತೆ ಹೊಳೆಯುತ್ತಿತ್ತು.

“ನೋಡಿದ ಕೂಡ್ಲೆ ತಿಳೀತ್ರಿ. ನಾಕ್ ದಿವಸ ಯಾರ್ ಮುಂದೂ ಹೇಳಲಿಲ್ಲ. ಇವರ ಮುಂದೂ ಹೇಳಲಿಲ್ಲ. ಊಟಾ ಸೇರಲಿಲ್ಲ. ದುಕಾನ ಹೋಗ್ತದ ಅಂತ ಅಂಜಿಕಿ. ಐದನೇ ದಿವಸ ಆ ಹುಡುಗಿ ನೀರು ತರ್ಲಿಕ್ಕೆ ಹೋಗೂದು ನೋಡಿದೆ. ಬಾವಿ ಕಟ್ಟಿ ಮ್ಯಾಲಿನ ಹೆಣ್ಮಕ್ಕಳು ಆಕಿಗೆ ದಾರಿ ಬಿಟ್ಟು ಸರದ್ರು. ಮೈಲಿಗಿ ಆದೋರಿಗೆ ಸರೀತಾರಲ್ಲ, ಹಂಗ.”

ಅಂದೇ ಅವರು ಒಂದು ರಟ್ಟಿನ ತುಂಡಿನ ಮೇಲೆ ಎರಡು ಬೆಂಡಿನ ಹೂ ಅಂಟಿಸಿದರು. ಒಂದು ಹುಣಸೆಬೀಜದ ಅಂಟಿನಿಂದ, ಒಂದು ಜಾಲಿಗೋಂದಿನಿಂದ. ರಾತ್ರಿ ಕಲ್ಲಿನ ಕೆಳಗಿಟ್ಟು, ಮರುದಿನ ಗಂಡನಿಗೆ ಎಲ್ಲವನ್ನೂ ಹೇಳಿದರು. ಹತ್ತಿಯ ಬಂಡಿಯೊಂದರಲ್ಲಿ ಕೂತು ರಂಭಾಬಾಯಿ ನಿಲಂಗಾ ತಲುಪಿದರು.

ಸುಗಂಧಾಳ ಅತ್ತೆ ಪ್ರಯಾಗಬಾಯಿ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದರು. ಬಂದ ಕಾರಣ ಕೇಳಿ ಮೊರ ಕೆಳಗಿಟ್ಟರು.

“ಅಕ್ಕಾರ, ಬಿದ್ದದ್ದು ಹುಡುಗಿ ಕಾಲ್ಗುಣದಿಂದ ಅಲ್ರಿ, ನನ್ನ ಕೈಯಿಂದ,” ಎಂದು ರಂಭಾಬಾಯಿ ರಟ್ಟನ್ನು ಮುಂದಿಟ್ಟರು. “ತೋಯಿಸಿದ ಅರಿವೀ ಸುತ್ತಿ ಇಡ್ರಿ. ಒಂದ್ ಹೂ ಬೀಳ್ತದ, ಒಂದ್ ನಿಲ್ತದ.”

ಪ್ರಯಾಗಬಾಯಿ ನಂಬಲಿಲ್ಲ. “ನೀ ಏನರ ಮಾಟಾ ಮಾಡಿಕೊಂಡು ಬಂದಿರ್ತೀ. ನಿನ್ನ ಕೈ ಹಚ್ಚಬ್ಯಾಡ. ನಾ ತೋಯಿಸ್ತೀನಿ,” ಎಂದು ತಮ್ಮ ಮನೆಯ ಕೊಡದ ನೀರಿನಲ್ಲಿ ತಮ್ಮದೇ ಬಟ್ಟೆ ಅದ್ದಿ, ಹಿಂಡಿ, ರಟ್ಟಿಗೆ ಸುತ್ತಿದರು. ಮತ್ತೆ ಬೇಳೆ ಕೇರಲು ಕೂತರು. ನೆರೆಮನೆಯ ನಾಲ್ಕೈದು ಹೆಂಗಸರು ಬಂದು ಕಟ್ಟೆಗೆ ಒರಗಿ ನಿಂತರು.

ಅರ್ಧ ಮೊರ ಬೇಳೆ ಕೇರಿದ ಮೇಲೆ ಪ್ರಯಾಗಬಾಯಿ ಬಟ್ಟೆ ಬಿಚ್ಚಿದರು. ಒಂದು ಹೂವು ಬಟ್ಟೆಯ ಜೊತೆಗೇ ಎದ್ದು ಬಂತು. ಇನ್ನೊಂದು ಅಲ್ಲೇ ಇತ್ತು. ಅದನ್ನು ಹಿಡಿದು ಎಳೆದರು. ಬೆಂಡು ಹರಿಯಿತು, ಆದರೆ ಅದರ ಬುಡ ರಟ್ಟು ಬಿಡಲಿಲ್ಲ.

ಅವರು ಕೈಯಲ್ಲಿನ ಹರಿದ ಬೆಂಡನ್ನು ಮೊರದ ಅಂಚಿನಲ್ಲಿಟ್ಟರು. “ಎರಡು ತಿಂಗಳು ಯಾಕ ಸುಮ್ಮನಿದ್ದಿ?”

“ಬಿದ್ದದ್ದು ಕೇಳಿದ್ದೆ. ನಂದ ತಪ್ಪಂತ ನವಿಲು ಕೈಗೆ ಬಂದ ಮ್ಯಾಲ ತಿಳೀತ್ರಿ. ಆಮ್ಯಾಲ ನಾಕ್ ದಿವಸ ಅಂಜಿದೆ.”

“ಇಷ್ಟು ಮಂದಿ ಮುಂದ ಹೇಳಿದ್ಯಲ್ಲ, ನಾಳಿ ನಿನ್ನ ಹಂತೇಲಿ ಬಾಸಿಂಗ ಯಾರ್ ಒಯ್ತಾರ?”

“ಒಯ್ಯಲಿಲ್ಲಂದ್ರ ಒಯ್ಯಬ್ಯಾಡ್ರಿ. ಹುಡುಗೀನ ಒಯ್ರಿ.”

ಪ್ರಯಾಗಬಾಯಿ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಂದ ದಾರಿ ದಂಡವಾಯಿತು ಎಂದುಕೊಂಡೇ ರಂಭಾಬಾಯಿ ಊರಿಗೆ ಮರಳಿದರು. ಹನ್ನೊಂದನೆಯ ದಿನ ಜಗದೇವಪ್ಪನವರ ಮನೆಯ ಮುಂದೆ ನಿಲಂಗಾದ ಬಂಡಿ ನಿಂತಿತು. ಕರೆಯಲು ಬಂದವರು ಸ್ವತಃ ಪ್ರಯಾಗಬಾಯಿ.

ಸುಗಂಧಾ ಈಗ ಎರಡು ಮಕ್ಕಳ ತಾಯಿ. ಇದನ್ನು ಬರೆಯುವ ಮೊದಲು ನಿಲಂಗಾಕ್ಕೆ ಹೋಗಿ ಅವರನ್ನು ಕಂಡೆ. ಚೊಚ್ಚಲು ಮಗಳಿಗೆ ಜಡೆ ಹೆಣೆಯುತ್ತಲೇ ಮಾತಾಡಿದರು. “ಅತ್ತಿಯವರು ಇವತ್ತಿನತನಾ ಆ ಮಾತು ತಗದಿಲ್ರಿ. ನಾನೂ ತಗಿಯಂಗಿಲ್ಲ. ಎಲ್ಲಾರೂ ನನ್ನ ಕಾಲು ನೋಡಿದ್ರು. ರಂಭಾಕಾಕು ಒಬ್ಬಾಕಿ ನವಿಲಿನ ಬೆನ್ನ ನೋಡಿದ್ಳು.”

ಪ್ರಯಾಗಬಾಯಿ ಹೇಳಿದ್ದೂ ಸುಳ್ಳಾಗಲಿಲ್ಲ. ‘ಕಲ್ಯಾಣಪ್ಪನ ಬಾಸಿಂಗ ಕಳಚಿ ಬೀಳ್ತದ’ ಎಂಬ ಮಾತು ಮೂರೂ ಊರಿನಲ್ಲಿ ಹಬ್ಬಿತು. ಮರುವರ್ಷದ ಲಗ್ನಸರಾಯಿಗೆ ಹೋದದ್ದು ಒಂಬತ್ತೇ ಜೋಡಿ. ಎರಡು ದಿನ ಗಂಡ ಹೆಂಡತಿ ಮಾತಾಡಲಿಲ್ಲ. ಮೂರನೆಯ ದಿನ ಕಲ್ಯಾಣಪ್ಪನವರು ಒಂದು ಹೊರೆ ರದ್ದಿ ಕಾಗದ ತಂದು ಹಿತ್ತಿಲಲ್ಲಿ ಹಾಕಿ, “ಖಾಲಿ ಕೂಡಬ್ಯಾಡ. ಯಾವ ಅಂಟು ಯಾವುದಕ್ಕ ನಿಲ್ತದ, ಪೂರಾ ನೋಡೇಬಿಡು,” ಎಂದರಂತೆ.

ನೋಡಿದ್ದರ ಗುರುತು ಹಿತ್ತಿಲ ಗೋಡೆಯ ಮೇಲೆ ಇಂದಿಗೂ ಇದೆ. ಅರವತ್ತಕ್ಕೂ ಹೆಚ್ಚು ಕಾಗದದ ಪಟ್ಟಿಗಳು ಸಾಲಾಗಿ ನೇತಾಡುತ್ತವೆ. ಕೆಲವು ಬಿಸಿಲಲ್ಲಿ, ಕೆಲವು ನೀರಿನ ಗುಡಾಣದ ಪಕ್ಕದಲ್ಲಿ. ಅಕ್ಷರ ಬಾರದ ರಂಭಾಬಾಯಿ ಪ್ರತಿ ಪಟ್ಟಿಗೂ ಅದರದೇ ಕಾಳು ಕಟ್ಟಿದ್ದಾರೆ: ಗೋಧಿ, ಮೆಂತ್ಯ, ಹುಣಸೆಬೀಜ. ಬೇವಿನ ಕಷಾಯ ಹಾಕಿದ ಖಳಕ್ಕೆ ಹುಳ ಮುಟ್ಟಿಲ್ಲ. ಹಾಕದ್ದು ಜರಡಿಯಾಗಿದೆ. ಬಿಳಿಜೋಳದ ಹಿಟ್ಟು ಮೂರೇ ತಿಂಗಳಿಗೆ ಉದುರಿದೆ. “ಅಕ್ಕಿ ಛಲೋ ಅದರೀ, ಆದ್ರ ನಮ್ ಕಡಿ ಅಕ್ಕಿ ಉಣ್ಣಾಕ ಸಿಗಂಗಿಲ್ಲ, ಅಂಟಿಸಾಕ ಎಲ್ಲಿಂದ ತರೂದು?” ಎಂದು ನಗುತ್ತಾರೆ.

ಮಂದಿ ಮತ್ತೆ ಬರಲು ಮೂರು ವರ್ಷ ಹಿಡಿಯಿತು. ಈಗ ಅವಸರದ ಗಿರಾಕಿ ಬಂದರೆ ಕಲ್ಯಾಣಪ್ಪನವರೇ ಕೈಮುಗಿದು ಕಳಿಸುತ್ತಾರೆ. ಮೂರು ದಿನಕ್ಕಿಂತ ಮೊದಲು ಇಲ್ಲಿ ಬಾಸಿಂಗ ಸಿಗುವುದಿಲ್ಲ.

ಬಿಸಿಲು ಹಿತ್ತಿಲಿಗೆ ಬಂದಿದೆ. ಏಳಲು ಹೊರಟವನು ಕಡೆಯದಾಗಿ ಕೇಳುತ್ತೇನೆ, ನಿಮಗೇನು ಆಸೆ ಇದೆ ಎಂದು. ರಂಭಾಬಾಯಿ ರಟ್ಟಿನ ಮೇಲೆ ಅಂಟು ಸವರುತ್ತ ಯೋಚಿಸುತ್ತಾರೆ.

“ಲಗ್ನಸರಾಯ್ದಾಗ ನನಗ ಲಗ್ನಕ್ಕ ಹೋಗಾಕ ಆಗಂಗಿಲ್ರಿ. ಹದಿನಾಕು ವರ್ಷ ಆತು. ಒಂದರ ಲಗ್ನ ಮುಂದ ಕೂತು ಪೂರಾ ನೋಡಬೇಕು.”

“ಊಟದವರೆಗೂ?”

“ಊಟದ್ದೇನದರೀ,” ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ. “ಬಾಸಿಂಗ ಬಿಚ್ಚೂತನಾ.”